ತಂತಿಗಳ ಒಡಂಬಡಿಕೆ

ಮೂಡಿಗೆರೆಯಿಂದ ಪಡುವಣಕ್ಕೆ ಹೊರಟ ದಾರಿ ಕೊಟ್ಟಿಗೆಹಾರದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆ, ಧರ್ಮಸ್ಥಳಗಳ ಕಡೆಗೆ ಸಾಗಿದರೆ, ಇನ್ನೊಂದು ಕಾಫಿ ತೋಟಗಳ ನಡುವೆ ಬಳುಕುತ್ತ ಕಳಸ, ಹೊರನಾಡುಗಳತ್ತ ತಿರುಗುತ್ತದೆ. ಬಸ್ಸಿನಿಂದಿಳಿದು ಬಿಸಿ ನೀರುದೋಸೆಯ ರುಚಿ ನೋಡಿ ಮುಂದೆ ಹೋಗುವ ಪ್ರಯಾಣಿಕನಿಗೆ ಅದು ಕೇವಲ ಒಂದು ನಿಲುಗಡೆ. ಆದರೆ ಅಲ್ಲಿಯೇ ನೆಲೆಸಿದವರಿಗೆ ಕೊಟ್ಟಿಗೆಹಾರವೆಂದರೆ ಮೊದಲು ನೆನಪಾಗುವುದು ಮಳೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದೆ ಸುರಿಯುವುದುಂಟು. ಆ ದಿನಗಳಲ್ಲಿ ಗೋಡೆ ಬೆವರುತ್ತದೆ. ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಕಟ್ಟುತ್ತದೆ. ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡು ಮುಚ್ಚಲೊಲ್ಲದು.

ಇಂತಹ ಊರಿನ ಮನೆಯೊಂದರಲ್ಲಿ ವೀಣೆಯೊಂದಿದ್ದರೆ ಅದರ ಗತಿ ಏನಾದೀತು? ವೀಣೆಯ ಕೊಡ, ದಂಡಿಗಳು ಹಲಸಿನ ಮರದವು. ಮರ ತೇವವನ್ನು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಆಷಾಢದಲ್ಲಿ ಬಿರಡೆಗಳು ತಮ್ಮ ತೂತುಗಳಲ್ಲಿ ಬಿಗಿದು ಕುಳಿತು ತಿರುಗಲೊಲ್ಲವು. ಮಾಘ ಮಾಸದಲ್ಲಿ ಅವೇ ಬಿರಡೆಗಳು ಕೈಬಿಟ್ಟೊಡನೆ ಹಿಂದಕ್ಕೆ ಜಾರುತ್ತವೆ. ಚರ್ಮವಾದ್ಯಗಳ ಪಾಡು ಇನ್ನೂ ಕಷ್ಟ. ಮಳೆಗಾಲದ ಇರುಳಿನಲ್ಲಿ ತಾಳಮದ್ದಳೆಗೆಂದು ಹೊರತೆಗೆದ ಮದ್ದಳೆಯ ಚರ್ಮ ತೇವಕ್ಕೆ ಸಡಿಲಗೊಂಡು ಸ್ವರ ಇಳಿದಿರುತ್ತದೆ. ಅದನ್ನು ಭಾಗವತರ ಕಂಠಕ್ಕೆ ಸರಿಹೊಂದಿಸದೆ ಪದ್ಯವನ್ನು ಎತ್ತುವಂತಿಲ್ಲ. ಒಂದು ಮದ್ದಳೆಯನ್ನು ಹೆಚ್ಚು ಏರಿಸುವುದಕ್ಕಾಗಲಿ ಇಳಿಸುವುದಕ್ಕಾಗಲಿ ಬರುವುದಿಲ್ಲವಾದ್ದರಿಂದ, ಬೇರೆ ಬೇರೆ ಶ್ರುತಿಯ ಮದ್ದಳೆಗಳನ್ನು ಜೊತೆಗೆ ಒಯ್ಯುವ ರೂಢಿಯೂ ಉಂಟು.

ಹಾಡುವ ಮೊದಲು, ನುಡಿಸುವ ಮೊದಲು ನಡೆಯುವ ಈ ಹೊಂದಾಣಿಕೆಗೆ ಶ್ರುತಿಗೂಡಿಸುವುದೆಂದು ಹೆಸರು. ಕಚೇರಿಗೆ ಬಂದ ಕೇಳುಗರಲ್ಲಿ ಅನೇಕರು ಇದನ್ನು ಕಚೇರಿಯ ಭಾಗವೆಂದು ಎಣಿಸುವುದಿಲ್ಲ. ಪಕ್ಕದವರೊಡನೆ ಮಾತನಾಡುವುದಕ್ಕೆ ದೊರೆತ ಬಿಡುವೆಂದೇ ತಿಳಿಯುತ್ತಾರೆ. ಆದರೆ ವೇದಿಕೆಯ ಮೇಲಿರುವವನ ಪಾಲಿಗೆ ಅಂದಿನ ಸಂಗೀತದ ಅರ್ಧ ಭವಿಷ್ಯ ಆ ಕೆಲವು ನಿಮಿಷಗಳಲ್ಲಿಯೇ ತೀರ್ಮಾನವಾಗುತ್ತದೆ. ಏಕೆಂದರೆ ಶ್ರುತಿಗೂಡಿಸುವುದೆಂದರೆ ಕೆಟ್ಟುಹೋದುದನ್ನು ಸರಿಪಡಿಸುವುದಷ್ಟೇ ಅಲ್ಲ, ಹಲವು ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು. ಯಾವ ತಂತಿ ಯಾವ ಸ್ವರದಲ್ಲಿ ನಿಲ್ಲಬೇಕು ಎಂಬ ಒಡಂಬಡಿಕೆ ಒಮ್ಮೆ ಆಯಿತೆಂದರೆ, ಕೆಲವು ರಾಗಗಳು ಸುಲಭವಾಗಿ ಕೈಗೆ ಬರುತ್ತವೆ, ಕೆಲವು ದೂರ ಸರಿಯುತ್ತವೆ.

ಮೊದಲನೆಯ ಕಟ್ಟುಪಾಡನ್ನು ಹಾಕುವುದು ತಂತಿಯೇ. ಬಿಗಿದ ತಂತಿಯ ಕಂಪನಸಂಖ್ಯೆ ಅದರ ಉದ್ದ, ತೂಕ ಮತ್ತು ಬಿಗಿತಗಳನ್ನು ಅವಲಂಬಿಸಿದೆ. ಉದ್ದವನ್ನು ಅರ್ಧಕ್ಕಿಳಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆದರೆ ಉದ್ದವನ್ನು ಹಾಗೆಯೇ ಇಟ್ಟು ಬಿಗಿತದಿಂದಲೇ ಏರಿಸಹೊರಟರೆ ಲೆಕ್ಕ ಕಠಿನವಾಗುತ್ತದೆ. ಷಡ್ಜಕ್ಕೂ ಪಂಚಮಕ್ಕೂ ಇರುವ ಕಂಪನಗಳ ಅನುಪಾತ 2ಕ್ಕೆ 3. ಷಡ್ಜದಲ್ಲಿರುವ ತಂತಿಯನ್ನು ಪಂಚಮಕ್ಕೆ ಏರಿಸಬೇಕಾದರೆ ಬಿಗಿತ ಒಂದೂವರೆಪಟ್ಟಾದರೆ ಸಾಲದು, ಎರಡೂಕಾಲುಪಟ್ಟಾಗಬೇಕು. ಮೇಲಿನ ಷಡ್ಜಕ್ಕೆ ಒಯ್ಯಬೇಕಾದರೆ ನಾಲ್ಕುಪಟ್ಟು! ಅಷ್ಟರೊಳಗೆ ತಂತಿ ಹರಿದು ಕೈಗೆ ಹೊಡೆದಿರುತ್ತದೆ. ಹೊಸದಾಗಿ ಕಲಿಯುವ ಹುಡುಗರಿಗೆ ಈ ನಿಯಮ ಗಣಿತದಿಂದಲ್ಲ, ಹರಿದ ತಂತಿಯಿಂದ ತಿಳಿಯುವುದೇ ಹೆಚ್ಚು. ಆದುದರಿಂದಲೇ ಒಂದೇ ವಾದ್ಯದಲ್ಲಿ ದಪ್ಪ ತಂತಿ, ಸಣ್ಣ ತಂತಿ, ಉಕ್ಕಿನ ತಂತಿ, ಹಿತ್ತಾಳೆಯ ತಂತಿ ಎಂಬ ಭೇದಗಳು ಹುಟ್ಟಿಕೊಂಡವು.

ಎರಡನೆಯ ಕಟ್ಟುಪಾಡು ಸಂಗೀತದ್ದು. ಈ ವಿಚಾರದಲ್ಲಿ ಕನ್ನಡ ನಾಡಿಗೆ ಹಳೆಯ ಹಾಗೂ ಹೆಮ್ಮೆಯ ಪರಂಪರೆಯಿದೆ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ‘ಸ್ವರಮೇಳಕಲಾನಿಧಿ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ವೀಣೆಯನ್ನು ಶ್ರುತಿಗೂಡಿಸುವ ಬಗೆಗಳನ್ನೇ ಹಿಡಿದು ವೀಣೆಗಳನ್ನು ವಿಂಗಡಿಸಿದ್ದು ಆ ಗ್ರಂಥದ ಒಂದು ವಿಶೇಷ. ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜೇಂದ್ರ ಮೇಳ ವೀಣೆ ಎಂದು ಅವನು ಮೂರು ಬಗೆಗಳನ್ನು ಹೇಳುತ್ತಾನೆ. ಮೂರನೆಯದಕ್ಕೆ ಅಂಟಿಕೊಂಡಿರುವುದು ವಿಜಯನಗರದ ದೊರೆ ಅಚ್ಯುತದೇವರಾಯನ ಹೆಸರು. ಅರಸನೊಬ್ಬನ ಹೆಸರು ಕೋಟೆಗೋ ಕೆರೆಗೋ ಇರುವುದು ಸಾಮಾನ್ಯ. ತಂತಿಗಳ ಒಂದು ಹೊಂದಿಕೆಗೆ ಇರುವುದು ಅಪರೂಪ.

ಮೊದಲ ಎರಡು ಬಗೆಗಳನ್ನು ಹೋಲಿಸಿ ನೋಡಿದರೆ ಆಯ್ಕೆಯ ಮರ್ಮ ತಿಳಿಯುತ್ತದೆ. ಶುದ್ಧಮೇಳ ವೀಣೆಯ ನಾಲ್ಕು ತಂತಿಗಳು ತಗ್ಗಿನಿಂದ ಮೇಲಕ್ಕೆ ಷಡ್ಜ, ಪಂಚಮ, ಷಡ್ಜ, ಮಧ್ಯಮಗಳಲ್ಲಿ ನಿಲ್ಲುತ್ತವೆ. ಮಧ್ಯಮೇಳ ವೀಣೆಯಲ್ಲಿ ಅವು ಪಂಚಮ, ಷಡ್ಜ, ಪಂಚಮ, ಷಡ್ಜ. ಮೊದಲನೆಯದರಲ್ಲಿ ಅತಿ ತಗ್ಗಿನ ಷಡ್ಜದವರೆಗೂ ಇಳಿಯುವ ಅವಕಾಶವಿದೆ. ಆದರೆ ಹೆಚ್ಚಾಗಿ ನುಡಿಸುವ ಮೇಲಿನ ತಂತಿ ಮಧ್ಯಮದಲ್ಲಿರುವುದರಿಂದ ಮಧ್ಯಸ್ಥಾಯಿಯ ಷಡ್ಜಕ್ಕಾಗಿ ಆ ತಂತಿಯನ್ನು ಮೆಟ್ಟಿಲಿನ ಮೇಲೆ ಒತ್ತಿ ಹಿಡಿಯಬೇಕಾಗುತ್ತದೆ. ಎರಡನೆಯದರಲ್ಲಿ ತಗ್ಗಿನ ಕೆಲವು ಸ್ವರಗಳು ಕೈಬಿಡುತ್ತವೆ. ಅದಕ್ಕೆ ಪ್ರತಿಯಾಗಿ, ಒತ್ತದೆ ಮೀಟಿದ ಯಾವ ತಂತಿಯಾದರೂ ಷಡ್ಜವನ್ನೋ ಪಂಚಮವನ್ನೋ ನುಡಿಯುತ್ತದೆ. ಹಾಡುಗಾರನ ಹಿಂದೆ ತಂಬೂರಿ ಮಾಡುವ ಕೆಲಸವನ್ನು ವೀಣೆ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುತ್ತದೆ. ಇಂದಿನ ವೀಣೆ ಹಿಡಿದಿರುವುದು ಈ ಎರಡನೆಯ ದಾರಿಯನ್ನೇ. ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂದು ಕರೆಯುವ ನಾಲ್ಕು ತಂತಿಗಳು ಮೇಲಿನಿಂದ ಕೆಳಗೆ ಷಡ್ಜ, ಪಂಚಮ, ಷಡ್ಜ, ಪಂಚಮಗಳಲ್ಲಿರುತ್ತವೆ. ಪಕ್ಕದ ಮೂರು ತಾಳದ ತಂತಿಗಳೂ ಷಡ್ಜ ಪಂಚಮಗಳನ್ನೇ ನುಡಿಯುತ್ತವೆ. ಮೈಸೂರಿನ ವೀಣೆ ಶೇಷಣ್ಣನವರು (1852–1926), ಅವರ ತರುವಾಯದ ತಲೆಮಾರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ತಮ್ಮ ನಾದಲೋಕವನ್ನು ಕಟ್ಟಿದ್ದು ಈ ಹೊಂದಿಕೆಯ ಮೇಲೆಯೇ.

ಆಯ್ಕೆ ತಂತಿಗಳಿಗಷ್ಟೇ ಸೀಮಿತವಾಗಿರಲಿಲ್ಲ. ರಾಮಾಮಾತ್ಯನ ಕಾಲದಲ್ಲಿ ‘ಏಕರಾಗ ಮೇಳ’ ಹಾಗೂ ‘ಸರ್ವರಾಗ ಮೇಳ’ ಎಂಬ ಭೇದವೂ ಇತ್ತು. ಒಂದು ರಾಗಕ್ಕೆ ಬೇಕಾದ ಸ್ವರಗಳಿಗೆ ಮಾತ್ರ ಮೆಟ್ಟಿಲುಗಳನ್ನು ಹೂಡಿದ ವೀಣೆ ಮೊದಲನೆಯದು. ಎಲ್ಲ ರಾಗಗಳಿಗೂ ಒದಗುವಂತೆ ಎಲ್ಲ ಸ್ವರಗಳಿಗೂ ಮೆಟ್ಟಿಲು ಹೂಡಿದ್ದು ಎರಡನೆಯದು. ಏಕರಾಗ ಮೇಳದಲ್ಲಿ ಬೆರಳು ತಪ್ಪು ಸ್ವರದ ಮೇಲೆ ಬೀಳುವ ಭಯ ಕಡಿಮೆ, ಆದರೆ ರಾಗ ಬದಲಾದೊಡನೆ ಮೆಟ್ಟಿಲುಗಳನ್ನು ಸರಿಸಬೇಕು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ 24 ಮೆಟ್ಟಿಲುಗಳ ಸರ್ವರಾಗ ಮೇಳ ವೀಣೆ ರೂಪುಗೊಂಡು ಈ ಗೊಂದಲಕ್ಕೆ ತೆರೆಬಿದ್ದಿತು. ಆ ಆಸ್ಥಾನದ ಮಂತ್ರಿ ಗೋವಿಂದ ದೀಕ್ಷಿತನು ಕನ್ನಡಿಗ. ‘ಚತುರ್ದಂಡೀ ಪ್ರಕಾಶಿಕೆ’ಯನ್ನು ಬರೆದ ವೇಂಕಟಮಖಿ ಅವನ ಮಗ. ಇಂದಿಗೂ ಮೇಣದಲ್ಲಿ ಮೆಟ್ಟಿಲುಗಳನ್ನು ಹೂಡುವ ಕೆಲಸಕ್ಕೆ ‘ಮೇಳ ಕಟ್ಟುವುದು’ ಎಂದೇ ಹೆಸರಿದೆ.

ತಂಬೂರಿಯಂತಹ ಸರಳ ವಾದ್ಯದಲ್ಲಿಯೂ ಆಯ್ಕೆ ತಪ್ಪಿದ್ದಲ್ಲ. ಸಾಮಾನ್ಯವಾಗಿ ಅದರ ನಾಲ್ಕು ತಂತಿಗಳಲ್ಲಿ ಒಂದು ಪಂಚಮದಲ್ಲಿ, ಉಳಿದವು ಷಡ್ಜದಲ್ಲಿ ಇರುತ್ತವೆ. ಆದರೆ ನವರೋಜು, ಪುನ್ನಾಗವರಾಳಿಗಳಂತಹ ರಾಗಗಳು ಮೇಲಿನ ಸ್ಥಾಯಿಗೆ ಏರುವುದಿಲ್ಲ. ಅವುಗಳನ್ನು ಹಾಡುವಾಗ ಮಧ್ಯಮವನ್ನೇ ಷಡ್ಜವೆಂದು ಭಾವಿಸಿ, ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸುವುದುಂಟು. ಇದು ಮಧ್ಯಮ ಶ್ರುತಿ. ಹಿಂದೂಸ್ತಾನಿ ಪದ್ಧತಿಯಲ್ಲಿ ಈ ಬದಲಾವಣೆ ಇನ್ನೂ ಹೆಚ್ಚು. ಮಾಲ್ಕೌಂಸ್ ರಾಗದಲ್ಲಿ ಪಂಚಮವೇ ಇಲ್ಲ. ಭೀಮಸೇನ ಜೋಶಿಯವರಂತಹ ಗಾಯಕರು ಆ ರಾಗವನ್ನು ಹಾಡುವಾಗ ಬೆನ್ನ ಹಿಂದಿನ ತಂಬೂರಿ ಪಂಚಮವನ್ನೇ ನುಡಿಯುತ್ತಿದ್ದರೆ, ಮನೆಯವರೆಲ್ಲ ಮೌನವಾಗಿರುವಾಗ ಹೊರಗಿನವನೊಬ್ಬ ಬಾಗಿಲು ಬಡಿಯುತ್ತಿರುವಂತೆ ಆದೀತು. ಆದುದರಿಂದ ಅಲ್ಲಿ ಮಧ್ಯಮ ಬರುತ್ತದೆ. ಪಂಚಮವಿಲ್ಲದ ಮಾರವಾದಂತಹ ರಾಗದಲ್ಲಿ ನಿಷಾದಕ್ಕೋ ಧೈವತಕ್ಕೋ ತಂತಿಯನ್ನು ಕೂಡಿಸುವವರಿದ್ದಾರೆ.

ವೀಣೆಯಲ್ಲಿ ಬೆರಳುಗಳು ಸ್ವತಂತ್ರ. ಒಂದು ತಂತಿಯನ್ನು ಒತ್ತಿ, ಇನ್ನೊಂದನ್ನು ಬಿಟ್ಟು, ಮತ್ತೊಂದನ್ನು ಎಳೆದು ಗಮಕವನ್ನು ಹೊರಡಿಸಬಹುದು. ಹೊಂದಿಕೆಯಲ್ಲಿರುವ ಕೊರತೆಯನ್ನು ಬೆರಳು ತುಂಬಿಕೊಡುತ್ತದೆ. ಆದರೆ ಬೆರಳಿನ ಬದಲಿಗೆ ನಯವಾದ ಕೋಲೊಂದನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ವಾದ್ಯಗಳಿವೆ. ಅಲ್ಲಿ ಶ್ರುತಿಗೂಡಿಸುವ ಆಯ್ಕೆಯೇ ಹೆಚ್ಚು ಕಡಿಮೆ ಎಲ್ಲವನ್ನೂ ನಿರ್ಧರಿಸುತ್ತದೆ. ದಕ್ಷಿಣ ಭಾರತದ ಗೋಟುವಾದ್ಯ ಇಂತಹದು. ಅದಕ್ಕೆ ಮೆಟ್ಟಿಲುಗಳಿಲ್ಲ, ಕರಿಮರದ ಉರುಟು ತುಂಡನ್ನು ಎಡಗೈಯಲ್ಲಿ ಹಿಡಿದು ತಂತಿಗಳ ಮೇಲೆ ಸರಿಸುತ್ತಾರೆ.

ಇದೇ ರೀತಿಯ ವಾದ್ಯ ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿಯೂ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ದನಗಾಹಿಗಳು ಅಲ್ಲಿಗೆ ಗಿಟಾರನ್ನು ತಂದರು. ದ್ವೀಪವಾಸಿಗಳು ಅದನ್ನು ತಮ್ಮ ಹಾಡಿಗೆ ಒಗ್ಗಿಸಿಕೊಳ್ಳಲು ಕೆಲವು ತಂತಿಗಳನ್ನು ಸಡಿಲಿಸಿ ಹೊಸ ಹೊಸ ಹೊಂದಿಕೆಗಳನ್ನು ಕಂಡುಕೊಂಡರು. ಒಂದೊಂದು ಮನೆತನಕ್ಕೂ ತನ್ನದೇ ಆದ ಹೊಂದಿಕೆ. ಅದನ್ನು ಹೊರಗಿನವರಿಗೆ ಬಿಟ್ಟುಕೊಡದೆ ಗುಟ್ಟಾಗಿ ಕಾಪಾಡುತ್ತಿದ್ದರು. ನುಡಿಸಿ ಮುಗಿಸಿದವನು ವಾದ್ಯವನ್ನು ಕೆಳಗಿಡುವ ಮುನ್ನ ತಂತಿಗಳನ್ನು ಸಡಿಲಿಸಿಬಿಡುತ್ತಿದ್ದನಂತೆ. 1874ರಲ್ಲಿ ಜನಿಸಿದ ಜೋಸೆಫ್ ಕೆಕುಕು ಎಂಬ ಹವಾಯಿಯ ಬಾಲಕ ಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿಯೇ ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಕ್ರಮವನ್ನು ರೂಢಿಸಿದನೆಂದು ಪ್ರತೀತಿ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾಪ್ರದರ್ಶನದ ತರುವಾಯ ಈ ಹವಾಯಿಯನ್ ಗಿಟಾರು ಲೋಕವನ್ನೆಲ್ಲ ಸುತ್ತಿತು. 1940ರ ದಶಕದಲ್ಲಿ ಟೌ ಮೋಯ್ ಎಂಬ ಕಲಾವಿದ ಕೋಲ್ಕತ್ತದಲ್ಲಿ ನೆಲೆಸಿ ಹಲವರಿಗೆ ಅದನ್ನು ಕಲಿಸಿದನು.

ಕೋಲಿಗಿರುವ ಕಷ್ಟ ಒಂದೇ: ಅದು ನೆಟ್ಟಗಿರುತ್ತದೆ. ಅದನ್ನು ಎಲ್ಲಿ ಇಟ್ಟರೂ ಎಲ್ಲ ತಂತಿಗಳನ್ನೂ ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಮೀಟದೆ ಬಿಟ್ಟ ತಂತಿಗಳ ನಡುವೆ ಯಾವ ಸಂಬಂಧವಿತ್ತೋ ಅದೇ ಸಂಬಂಧ ಕೋಲಿನೊಡನೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ, ಅಷ್ಟೆ. ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸಿ ಹೊಂದಿಸುವ ಪಾಶ್ಚಾತ್ಯ ಸಂಗೀತಕ್ಕೆ ಇದು ದೊಡ್ಡ ತೊಡಕು. ಭಾರತೀಯ ಸಂಗೀತದಲ್ಲಿ ಒಂದು ಕಾಲಕ್ಕೆ ಒಂದೇ ಸ್ವರದ ನಡೆ ಇರುವುದರಿಂದ ಇಲ್ಲಿನವರು ಆ ತೊಡಕನ್ನು ಬಿಡಿಸಲು ಹೋಗಲೇ ಇಲ್ಲ, ಪಕ್ಕದಿಂದ ದಾಟಿಹೋದರು. ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ್ ಭಟ್ ಮೊದಲಾದವರು ಗಿಟಾರಿಗೆ ರಾಗ ನುಡಿಸುವ ಕೆಲವೇ ತಂತಿಗಳನ್ನು ಉಳಿಸಿಕೊಂಡು, ಉಳಿದೆಡೆ ಶ್ರುತಿಯ ತಂತಿಗಳನ್ನು ಹೂಡಿದರು. ವಿಶ್ವಮೋಹನ್ ಭಟ್ಟರ ಮೋಹನವೀಣೆಯಲ್ಲಿ ಮೀಟದೆಯೇ ಅನುರಣಿಸುವ 12 ತಂತಿಗಳಿವೆ. ರಾಗ ಬದಲಾದಾಗ ಅವುಗಳನ್ನು ಆ ರಾಗದ ಸ್ವರಗಳಿಗೆ ಕೂಡಿಸಬೇಕು. ಅಮೆರಿಕದ ರೈ ಕೂಡರ್ ಜೊತೆಯಲ್ಲಿ ಅವರು ನುಡಿಸಿದ ಧ್ವನಿಮುದ್ರಿಕೆಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಅಮೆರಿಕದವರು ಮಾತ್ರ ತೊಡಕನ್ನು ಯಂತ್ರದಿಂದ ಬಿಡಿಸಹೊರಟರು. ಮೊದಮೊದಲು ಒಂದು ಹೊಂದಿಕೆ ಸಾಲದಾದಾಗ ಎರಡು, ಮೂರು, ನಾಲ್ಕು ದಂಡಿಗಳನ್ನು ಒಂದೇ ಹಲಗೆಗೆ ಜೋಡಿಸಿ, ಒಂದೊಂದನ್ನು ಒಂದೊಂದು ಬಗೆಯಲ್ಲಿ ಕೂಡಿಸಿ, ಹಾಡಿನ ನಡುವೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರು. ಅನಂತರ ಕಾಲಿನಿಂದ ತುಳಿಯುವ ಪೆಡಲುಗಳು ಬಂದವು. ಪೆಡಲನ್ನು ತುಳಿದರೆ ಸರಳೊಂದು ಎಳೆಯಲ್ಪಟ್ಟು ನಿಯತವಾದ ತಂತಿಯ ಬಿಗಿತವನ್ನು ಹೆಚ್ಚಿಸುತ್ತದೆ. ಕಾಲು ತೆಗೆದರೆ ತಂತಿ ಮೊದಲಿನ ಸ್ವರಕ್ಕೆ ಮರಳುತ್ತದೆ. ಇದೇ ಪೆಡಲ್ ಸ್ಟೀಲ್ ಗಿಟಾರು. 1954ರಲ್ಲಿ ಹೊರಬಂದ ಹಾಡೊಂದರಲ್ಲಿ ಬಡ್ ಐಸಾಕ್ಸ್ ಎಂಬ ವಾದಕ, ಸ್ವರ ನುಡಿಯುತ್ತಿರುವಾಗಲೇ ಪೆಡಲನ್ನು ತುಳಿದನು. ಎರಡು ಸ್ವರಗಳಲ್ಲಿ ಒಂದು ನಿಂತೇ ಇದ್ದು ಇನ್ನೊಂದು ಮಾತ್ರ ಮೆಲ್ಲನೆ ಏರುವ ಆ ನಾದ ಕೇಳಿದವರನ್ನು ಬೆರಗುಗೊಳಿಸಿತು. ಪೆಡಲಿಲ್ಲದ ವಾದಕರು ತಮ್ಮ ಮನೆಗಳಲ್ಲಿಯೇ ಬಟ್ಟೆ ನೇತುಹಾಕುವ ತಂತಿ, ಬಾಗಿಲ ತಿರುಗಣಿಗಳಂತಹ ಸಾಮಾನುಗಳಿಂದ ಪೆಡಲು ಜೋಡಿಸಲು ಹೊರಟದ್ದುಂಟು.

ಈ ವಾದ್ಯದಲ್ಲಿ ಇಂದು ಎರಡು ಹೊಂದಿಕೆಗಳು ಪ್ರಸಿದ್ಧವಾಗಿವೆ. ಒಂದಕ್ಕೆ ‘ಇ-9’ ಎಂದು, ಮತ್ತೊಂದಕ್ಕೆ ‘ಸಿ-6’ ಎಂದು ಹೆಸರು. ಸಿ-6 ಹೊಂದಿಕೆಯ ಮುಖ್ಯ ಸ್ವರಗಳನ್ನು ಕರ್ನಾಟಕ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಅಂತರಗಾಂಧಾರ, ಪಂಚಮ, ಚತುಃಶ್ರುತಿ ಧೈವತಗಳು. ತಗ್ಗಿನಲ್ಲಿ ಮಧ್ಯಮವೂ ಒಂದಿದೆ. ಇದರ ನಾದ ತುಂಬಿದ್ದು, ಗಂಭೀರವಾದದ್ದು. ಜಾಸ್ ಸಂಗೀತದ ಜಟಿಲ ಮೇಳೈಕೆಗಳಿಗೆ ಒಗ್ಗುವಂಥದು. ಇ-9 ಹೊಂದಿಕೆಯಲ್ಲಿ ಷಡ್ಜ, ಗಾಂಧಾರ, ಪಂಚಮಗಳೊಡನೆ ಕೈಶಿಕಿ ನಿಷಾದವೂ ರಿಷಭವೂ ಸೇರುತ್ತವೆ. ಇದರ ಸ್ವರ ಎತ್ತರದ್ದು, ತೆಳುವಾದದ್ದು. ಅಮೆರಿಕದ ಹಳ್ಳಿಗಾಡಿನ ಹಾಡುಗಳಲ್ಲಿ ಬಿಕ್ಕಿದಂತೆ ಕೇಳುವ ನಾದ ಇದರದು. ಇ-9ರ ಎರಡು ಪೆಡಲುಗಳ ಕೆಲಸ ವಿಶೇಷವಾಗಿ ಗಮನಾರ್ಹ. ಒಂದು ಪೆಡಲು ಪಂಚಮದ ತಂತಿಯನ್ನು ಧೈವತಕ್ಕೆ ಏರಿಸುತ್ತದೆ, ಇನ್ನೊಂದು ಗಾಂಧಾರವನ್ನು ಮಧ್ಯಮಕ್ಕೆ ಏರಿಸುತ್ತದೆ. ಎರಡನ್ನೂ ಒಟ್ಟಿಗೆ ತುಳಿದರೆ ಉಳಿಯುವುದು ಮಧ್ಯಮ, ಧೈವತ, ಷಡ್ಜ. ಮಧ್ಯಮವನ್ನು ಷಡ್ಜವೆಂದು ಎಣಿಸಿದರೆ ಇವೇ ಷಡ್ಜ, ಗಾಂಧಾರ, ಪಂಚಮಗಳಾಗುತ್ತವೆ! ತಂಬೂರಿಯ ಬಿರಡೆಯನ್ನು ತಿರುಗಿಸಿ ಮಧ್ಯಮ ಶ್ರುತಿಗೆ ಇಳಿಯುವವನು ಮಾಡುವುದನ್ನು ಹೋಲುವ ಕೆಲಸವನ್ನೇ ಈ ವಾದಕ ಕಾಲಿನಿಂದ, ಒಂದು ಕ್ಷಣದಲ್ಲಿ, ಹಾಡು ನಿಲ್ಲದಂತೆ ಮಾಡಿ ಮುಗಿಸುತ್ತಾನೆ.

ಹಾಗಿದ್ದರೆ ಎರಡೂ ಹೊಂದಿಕೆಗಳನ್ನು ಇಟ್ಟುಕೊಳ್ಳಬಾರದೇಕೆ? ಹಲವರು ಇಟ್ಟುಕೊಂಡಿದ್ದಾರೆ. ಹತ್ತು ತಂತಿಗಳ ಎರಡು ದಂಡಿಗಳು, ಎಂಟರಷ್ಟು ಪೆಡಲುಗಳು, ಮೊಣಕಾಲಿನಿಂದ ಸರಿಸುವ ಕೆಲವು ಸನ್ನೆಗಳು: ವಾದ್ಯ ಒಬ್ಬನು ಎತ್ತಿ ಒಯ್ಯುವುದೇ ಕಷ್ಟವೆನ್ನುವಷ್ಟು ಭಾರವಾಗುತ್ತದೆ. ಎರಡರ ಗುಣವನ್ನೂ ಹನ್ನೆರಡು ತಂತಿಗಳ ಒಂದೇ ದಂಡಿಯಲ್ಲಿ ಅಡಕಮಾಡಿದ ಹೊಂದಿಕೆಯೂ ಉಂಟು. ಅದರಲ್ಲಿ ಭಾರ ಕಡಿಮೆಯಾದರೂ ಪ್ರತಿಯೊಂದು ಹೊಂದಿಕೆಯಿಂದ ಏನನ್ನಾದರೂ ಸ್ವಲ್ಪ ಬಿಟ್ಟುಕೊಡಬೇಕು. ಒಂದನ್ನೇ ಹಿಡಿದು ಆಳಕ್ಕೆ ಹೋಗಬೇಕೋ, ಎರಡರಲ್ಲಿಯೂ ಕೈಯಾಡಿಸಬೇಕೋ ಎಂಬ ಚರ್ಚೆ ಆ ವಾದಕರಲ್ಲಿ ಇನ್ನೂ ಮುಗಿದಿಲ್ಲ. ಏಕರಾಗ ಮೇಳವೋ ಸರ್ವರಾಗ ಮೇಳವೋ ಎಂದು ವಿಜಯನಗರದಲ್ಲಿ ನಡೆದಿರಬಹುದಾದ ಚರ್ಚೆಗೂ ಇದಕ್ಕೂ ಬಹಳ ದೂರವಿಲ್ಲ.

ತಂತಿ ಯಾವ ಸ್ವರದಲ್ಲಿ ನಿಲ್ಲಬೇಕೆಂಬುದು ನಿಶ್ಚಯವಾದ ಮೇಲೂ ಇನ್ನೊಂದು ಸೂಕ್ಷ್ಮ ಉಳಿಯುತ್ತದೆ. ಆ ಸ್ವರ ಸರಿಯಾಗಿ ಎಲ್ಲಿದೆ? ಚೆನ್ನಾಗಿ ಕೂಡಿಸಿದ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ, ಕಿವಿಗೊಟ್ಟು ಕೇಳಿದರೆ ಯಾರೂ ಮೀಟದ ಗಾಂಧಾರವೊಂದು ಅದರಿಂದ ತಾನಾಗಿಯೇ ಹೊಮ್ಮುತ್ತದೆ. ಇಂತಹ ಸ್ವಯಂಭೂ ಸ್ವರಗಳ ಮಾತನ್ನು ರಾಮಾಮಾತ್ಯನೂ ಎತ್ತಿದ್ದಾನೆ. ಈ ಗಾಂಧಾರಕ್ಕೂ ಷಡ್ಜಕ್ಕೂ ಇರುವ ಅನುಪಾತ 5ಕ್ಕೆ 4. ಹಾರ್ಮೋನಿಯಮ್ಮಿನಲ್ಲಿ ಮಾತ್ರ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುವುದರಿಂದ, ಅದರ ಗಾಂಧಾರ ಈ ಸಹಜ ಗಾಂಧಾರಕ್ಕಿಂತ ಒಂದು ಮನೆಯ ನೂರರಲ್ಲಿ ಸುಮಾರು 14 ಭಾಗದಷ್ಟು ಮೇಲಿರುತ್ತದೆ. ಅಷ್ಟು ಸಣ್ಣ ಅಂತರಕ್ಕಾಗಿ ಯಾರು ಜಗಳವಾಡುತ್ತಾರೆ ಎಂದು ತೋರಬಹುದು. ಆದರೆ ಹಾರ್ಮೋನಿಯಮ್ಮಿನ ಸ್ಥಿರವಾದ ಸ್ವರಗಳು ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲವೆಂಬ ವಾದದ ಬಲದಿಂದ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ತನ್ನ ಪ್ರಸಾರದಿಂದಲೇ ಹೊರಗಿಟ್ಟಿತು. ಆ ನಿಷೇಧ ಸಡಿಲಗೊಂಡದ್ದು 1971ರಲ್ಲಿ. ಇದೇ ಕಾಲದಲ್ಲಿ ಕನ್ನಡದ ನಾಟಕ ಕಂಪನಿಗಳು ಕಾಲು ಹಾರ್ಮೋನಿಯಮ್ಮನ್ನು ಬಿಟ್ಟು ರಂಗಗೀತೆಯನ್ನು ಊಹಿಸಲೂ ಆರವಾಗಿದ್ದವು. ಸಾವಿರ ಜನ ಕುಳಿತ ಡೇರೆಯಲ್ಲಿ, ಧ್ವನಿವರ್ಧಕವಿಲ್ಲದೆ, ನಟನ ಕಂಠಕ್ಕೆ ಆಧಾರ ಕೊಡಬಲ್ಲ ಬೇರೆ ವಾದ್ಯ ಯಾವುದಿತ್ತು? ರೇಡಿಯೊದವರ ಕಿವಿ ಸರಿಯೆಂದರೂ ಕಂಪನಿಯವರ ಅಗತ್ಯ ತಪ್ಪೆನ್ನಲಾಗದು.

ಪೆಡಲ್ ಸ್ಟೀಲ್ ವಾದಕರೂ ಇದೇ 14 ಭಾಗಗಳ ವಿಚಾರದಲ್ಲಿ ಎರಡು ಪಂಗಡವಾಗಿದ್ದಾರೆ. ಗಾಂಧಾರದ ತಂತಿಯನ್ನು ಕಿವಿಗೆ ಹಿತವಾಗುವಷ್ಟು ಇಳಿಸಿದರೆ ಒಂಟಿಯಾಗಿ ನುಡಿಸುವಾಗ ಸ್ವರಗಳು ಒಂದರಲ್ಲೊಂದು ಕರಗುತ್ತವೆ. ಆದರೆ ಪಕ್ಕದಲ್ಲಿ ಪಿಯಾನೊ ಇದ್ದರೆ ಅದರ ಗಾಂಧಾರದೊಡನೆ ಘರ್ಷಿಸುತ್ತದೆ. ಪಿಯಾನೊವಿಗೆ ಸರಿಯಾಗಿ ಕೂಡಿಸಿದರೆ ಒಂಟಿ ನಾದದ ಮಾಧುರ್ಯ ತಗ್ಗುತ್ತದೆ. ಯಾರ ಜೊತೆಯಲ್ಲಿ ನುಡಿಸಬೇಕಾಗಿದೆ ಎಂಬುದನ್ನು ನೋಡಿಕೊಂಡು ತೀರ್ಮಾನಿಸುವವರೇ ಹೆಚ್ಚು.

ಕೊಟ್ಟಿಗೆಹಾರದ ಮಳೆಗಾಲದ ಮನೆಯಲ್ಲಿ ಇಷ್ಟೆಲ್ಲ ತರ್ಕಕ್ಕೆ ಮೊದಲು ಬಿರಡೆ ತಿರುಗಬೇಕು. ವೀಣೆಯನ್ನು ಒದ್ದೆ ಗೋಡೆಗೆ ಒರಗಿಸದೆ, ದಪ್ಪ ಬಟ್ಟೆಯ ಗವಸಿನಲ್ಲಿ ಸುತ್ತಿ, ಅಡಿಗೆಮನೆಯ ಒಲೆಗೆ ತೀರ ಹತ್ತಿರವೂ ಅಲ್ಲ ದೂರವೂ ಅಲ್ಲ ಎಂಬಂತೆ ಬೆಚ್ಚನೆಯ ಮೂಲೆಯಲ್ಲಿಡುತ್ತಾರೆ. ಒಲೆಯ ಕಾವು ನೇರವಾಗಿ ತಗುಲಿದರೆ ಮೆಟ್ಟಿಲು ಹೂಡಿದ ಮೇಣವೇ ಕರಗೀತು. ನುಡಿಸುವ ಮೊದಲು ಒಣಬಟ್ಟೆಯಿಂದ ತಂತಿಯನ್ನು ಒರೆಸಿ, ತುಕ್ಕು ಹಿಡಿದಿದ್ದರೆ ಬದಲಿಸಿ, ಸಾರಣಿಯಿಂದ ಆರಂಭಿಸಿ ಒಂದೊಂದೇ ತಂತಿಯನ್ನು ಷಡ್ಜ ಪಂಚಮಗಳಿಗೆ ತರುತ್ತಾರೆ. ಏಳನೆಯ ತಂತಿಗೆ ಬರುವಷ್ಟರಲ್ಲಿ ಮೊದಲನೆಯದು ಕೂದಲೆಳೆಯಷ್ಟು ಇಳಿದಿರುತ್ತದೆ. ಮತ್ತೆ ಮೊದಲಿನಿಂದ ಹೊರಡಬೇಕು. ಮಳೆ ಹಿಂದಾಗಿ ಮರ ಒಣಗತೊಡಗಿದಾಗ, ಜಾರುವ ಬಿರಡೆಯನ್ನು ಹೊರಗೆಳೆದು ಅದರ ಮೈಗೆ ಒಂದಿಷ್ಟು ಸೀಮೆಸುಣ್ಣವನ್ನು ಉಜ್ಜಿ, ತೂತಿಗೆ ಸೇರಿಸಿ, ತಂತಿಯನ್ನು ಮೀಟಿ ಕಿವಿಗೊಡುತ್ತಾರೆ.